ಮೂವತ್ತೈದರ ಲೆನ್ಸಿನ ಎಡ ಅಂಚು

ಹೇಳಿಕೆ ಕೊಡುವವರು: ಅಮೀನಬಿ ಗಂಡ ಖಲೀಲ ಮೋಮಿನ, ವಯಸ್ಸು 57 ವರ್ಷ (ಆಧಾರ್ ಕಾರ್ಡಿನಲ್ಲಿ 61 ಇದೆ, ಅದು ಬರೆದುಕೊಂಡವರ ತಪ್ಪು), ಉದ್ಯೋಗ: ಸಿನಿಮಾ ಮತ್ತು ವಿಡಿಯೋ ಕ್ಯಾಮೆರಾದ ಲೆನ್ಸ್ ಬಾಡಿಗೆ ಕೊಡುವುದು, ಸ್ವಚ್ಛ ಮಾಡುವುದು, ಮೊದಲು ಖಣ (ಕುಪ್ಪಸದ ಬಟ್ಟೆ) ನೇಯುತ್ತಿದ್ದೆ. ವಾಸ: ಗುಳೇದಗುಡ್ಡ, ಜಿಲ್ಲೆ ಬಾಗಲಕೋಟೆ.

ಈ ದಿವಸ ದಿನಾಂಕ 03-12-2024, ಮಂಗಳವಾರ, ಬೆಳಿಗ್ಗೆ 10-50 ಗಂಟೆಗೆ ಇಳಕಲ್ ಠಾಣೆಗೆ ಯಾರೂ ಕರೆಯದೆ ನಾನಾಗಿ ಬಂದು ಬರೆಸುವುದೇನೆಂದರೆ:

ದಿನಾಂಕ 11-11-2024ರಂದು ಇಳಕಲ್‌ನಿಂದ 7 ಕಿ.ಮೀ. ದೂರದ ಕಲ್ಲಿನ ಕ್ವಾರಿಯಲ್ಲಿ ಬಂಡೆ ಕೆಡವುವಾಗ ದುರ್ಗಪ್ಪ ಎಂಬ 52 ವರ್ಷದ ಮನುಷ್ಯ ಸತ್ತಿದ್ದಾನೆ. ಆ ಪ್ರಕರಣದ ಕಡತದಲ್ಲಿ ನನ್ನ ಸಹಿ ಮತ್ತು ಅಂಗಡಿಯ ಶಿಕ್ಕೆ ಇರುವ ಒಂದು ಪತ್ರವಿದೆ. ಆ ಪತ್ರ ತಪ್ಪು. ಅದನ್ನು ಹೇಳಲಿಕ್ಕೆ ಐವತ್ತು ಕಿ.ಮೀ. ಬಸ್ಸಿನಲ್ಲಿ ನಿಂತುಕೊಂಡು ಬಂದಿದ್ದೇನೆ. ಕುರ್ಚಿ ಕೊಟ್ಟಿದ್ದಕ್ಕೆ ಸಾಹೇಬರಿಗೆ ಋಣಿ.

ನಮ್ಮ ಮನೆಯ ಮುಂದಿನ ಕೋಣೆಯೇ ಅಂಗಡಿ. ನನ್ನ ಗಂಡ ಬಾಗಲಕೋಟೆಯ ಒಂದು ಚಿತ್ರಮಂದಿರದಲ್ಲಿ ಮಷೀನ್ ನಡೆಸುತ್ತಿದ್ದರು. ಅದು ಮುಚ್ಚಿದ ಮೇಲೆ, 2011ರಲ್ಲಿ, ಒಂಬತ್ತು ಹಳೆಯ ಸಿನಿಮಾ ಲೆನ್ಸ್ ತಂದು ಬಾಡಿಗೆಗೆ ಬಿಡಲು ಶುರು ಮಾಡಿದರು. 2019ರಲ್ಲಿ ತೀರಿಕೊಂಡರು. ಅಂದಿನಿಂದ ನಾನೇ ನಡೆಸುತ್ತೇನೆ. ಲೆನ್ಸ್ ಬಿಚ್ಚಿ ಒರೆಸಿ ಜೋಡಿಸಲು ನನಗೆ ಬರುತ್ತದೆ. ಹೆಂಗಸರಿಗೆ ಇದೆಲ್ಲ ಬರುತ್ತದೆಯೇ ಎಂದು ಕೇಳುವವರು ಬಾದಾಮಿಯಿಂದ ಇಳಕಲ್‌ವರೆಗೆ ಬೇಕಾದಷ್ಟು ಇದ್ದಾರೆ. ಅವರಿಗೆ ಉತ್ತರ ಹೇಳುವುದನ್ನು ನಾನು ಬಿಟ್ಟು ನಾಲ್ಕು ವರ್ಷವಾಯಿತು.

ಲೆನ್ಸ್ ಮತ್ತು ಕ್ಯಾಮೆರಾದ ಅಳತೆಯ ಸಂಬಂಧ ಏನೆಂದು ಸಾಹೇಬರು ಎರಡು ಸಲ ಕೇಳಿದರು. ಎರಡು ಸಲ ಹೇಳಿದ್ದನ್ನೇ ಮೂರನೆಯ ಸಲ ಹೇಳಿದ್ದೇನೆ. ಲೆನ್ಸಿನಿಂದ ಒಳಗೆ ಬೀಳುವ ಚಿತ್ರ ದುಂಡಗಿರುತ್ತದೆ, ರೊಟ್ಟಿಯ ಹಾಗೆ. ಕ್ಯಾಮೆರಾದೊಳಗೆ ಆ ಚಿತ್ರವನ್ನು ಹಿಡಿಯುವ ಸೆನ್ಸಾರ್ ಉದ್ದಚೌಕ, ರೊಟ್ಟಿಯ ಕೆಳಗೆ ಹಾಸಿದ ಅರಿವೆಯ ಹಾಗೆ. ಅರಿವೆ ಸಣ್ಣದಿದ್ದರೆ ರೊಟ್ಟಿ ಅದನ್ನು ಪೂರ್ತಿ ಮುಚ್ಚುತ್ತದೆ. ಅರಿವೆ ದೊಡ್ಡದಿದ್ದರೆ ಮೂಲೆಗಳು ಬರಿದಾಗಿ ಉಳಿಯುತ್ತವೆ, ಅಲ್ಲಿ ಕಪ್ಪು ಬರುತ್ತದೆ. ಹಳೆಯ ಸಿನಿಮಾ ಲೆನ್ಸಿನ ರೊಟ್ಟಿ ಸಣ್ಣದು, ಆಗಿನ ಫಿಲ್ಮಿನ ಅಳತೆಗೆ ಮಾಡಿದ್ದು. ಈಗಿನ ಹುಡುಗರ ಕ್ಯಾಮೆರಾದ ಅರಿವೆ ದೊಡ್ಡದು. ಕಾನ್‌ಸ್ಟೇಬಲ್ ಅವರು ನಕ್ಕರು. ನಕ್ಕರೂ ಹೀಗೆಯೇ ಬರೆದುಕೊಳ್ಳಿ ಎಂದು ಹೇಳಿದ್ದೇನೆ.

ಒಂದೊಂದು ಲೆನ್ಸು ಎಷ್ಟು ಅಳತೆಯ ಸೆನ್ಸಾರ್ ತನಕ ಚಿತ್ರ ತುಂಬುತ್ತದೆ ಎಂದು ನಾನು ಅಳೆದು ಚೀಟಿ ಅಂಟಿಸುತ್ತೇನೆ. ಅಳೆಯಲು ಬೇರೆಯವರ ಹತ್ತಿರ ಅಚ್ಚಾದ ಹಾಳೆ ಇರುತ್ತದೆ. ನನ್ನ ಹತ್ತಿರ ಖಣ ಇದೆ. ನಾಲ್ಕು ಖಣಗಳನ್ನು ಅಗಲಕ್ಕೆ ಜೋಡಿಸಿ ಹೊಲಿದು ಗೋಡೆಗೆ ಬಿಗಿದಿದ್ದೇನೆ. ನಾನೇ ನೇಯ್ದದ್ದು. ಒಂದೂವರೆ ಇಂಚಿಗೆ ಒಂದು ಹೂವು, ಸಾಲು ತಪ್ಪುವುದಿಲ್ಲ. ಎಂಟು ಅಡಿ ದೂರದಿಂದ ಕ್ಯಾಮೆರಾ ಹಿಡಿದು ಅಡ್ಡಡ್ಡ ಎಷ್ಟು ಹೂವು ಕಾಣುತ್ತವೆ ಎಂದು ಎಣಿಸಿದರೆ ಅಳತೆ ಸಿಗುತ್ತದೆ. ಬಾಡಿಗೆಗೆ ಒಯ್ಯುವಾಗ ಒಮ್ಮೆ, ತಂದು ಕೊಡುವಾಗ ಒಮ್ಮೆ ಆ ಬಟ್ಟೆಯ ಎದುರು ಅರ್ಧ ನಿಮಿಷ ಚಿತ್ರ ತೆಗೆಯಿಸಿ, ಕಾರ್ಡಿನಿಂದ ನನ್ನ ಕಂಪ್ಯೂಟರಿಗೆ ಹಾಕಿಕೊಳ್ಳುವುದು ನಮ್ಮ ಪದ್ಧತಿ. ಗೀರು ಬಿದ್ದರೆ ನಾ ಮಾಡಿದ್ದಲ್ಲ, ನೀ ಮಾಡಿದ್ದು ಎಂಬ ಜಗಳ ಬೇಡ ಎಂದು.

ದಿನಾಂಕ 11-11-2024, ಸೋಮವಾರ ಬೆಳಿಗ್ಗೆ 7-10ಕ್ಕೆ ಸಂಗಮೇಶ ಎಂಬವನು ತನ್ನ ಕ್ಯಾಮೆರಾ ತೆಗೆದುಕೊಂಡು ಬಂದನು. ವಯಸ್ಸು 36. ಮದುವೆ, ಜಾಹೀರಾತು ಎಲ್ಲ ತೆಗೆಯುತ್ತಾನೆ. ಫೋಕಸ್ ಹೊಂದಿಸುವುದನ್ನು ನಮ್ಮ ಮನೆಯಲ್ಲೇ ಕಲಿತವನು. ನನಗೆ ಚಾಚಿ ಎನ್ನುತ್ತಾನೆ. ಕ್ವಾರಿಯವರು ಬಂಡೆ ಕೆಡವುವುದನ್ನು ಪರದೇಶದ ವ್ಯಾಪಾರಿಗಳಿಗೆ ತೋರಿಸಬೇಕಂತೆ, 35 ಮಿ.ಮೀ. ಲೆನ್ಸು ಬೇಕು ಎಂದನು. ಆ ಲೆನ್ಸಿನ ಮೇಲೆ ನನ್ನ ಚೀಟಿ: ಅಡ್ಡ 25, ಎತ್ತರ 14 ಮಿ.ಮೀ. ಅವನ ಕ್ಯಾಮೆರಾದ ಸೆನ್ಸಾರ್ ಅಡ್ಡ 36, ಎತ್ತರ 24. ಸಣ್ಣ ಅಳತೆಗೆ ಹೊಂದಿಸಿಕೋ, ಇಲ್ಲದಿದ್ದರೆ ಮೂಲೆ ಕಪ್ಪಾಗುತ್ತವೆ ಎಂದು ಹೇಳಿದೆ. ಅದಕ್ಕೆ ಅವನು, "ಪೂರಾ ಸೆನ್ಸಾರಿಗೆ ಹೊಡಿತೇನಿ ಚಾಚಿ. ಮಾನಿಟರ್ ಮ್ಯಾಲೆ ನಿಮ್ಮ ಚೀಟಿ ಅಳತಿಗೆ ಗೆರಿ ಹಾಕ್ಕೊಂಡೇನಿ. ಆಮ್ಯಾಲೆ ಗೆರಿಗುಂಟ ಕತ್ತರಸ್ತೇನಿ. ಚಿತ್ರ ಮ್ಯಾಲ ಕೆಳಗ ಸರಸಾಕ ಜಾಗಾ ಸಿಗತೈತಿ" ಎಂದನು. ಖಣದ ಎದುರು ಚಿತ್ರ ತೆಗೆಯಿಸಿ ಕಳಿಸಿಕೊಟ್ಟೆ. ಆಗ ಸಮಯ 7-35.

ಅದೇ ದಿನ ಸಂಜೆ 5-40ಕ್ಕೆ ಲೆನ್ಸು ವಾಪಸ್ ತಂದನು. ಚಹಾ ಕೊಟ್ಟೆ, ಕುಡಿಯಲಿಲ್ಲ. ಏನಾತೋ ಎಂದು ಕೇಳಿದೆ. "ಮೈಯಾಗ ಆರಾಮಿಲ್ರಿ" ಎಂದನು. ಅವನು ಕ್ಯಾಮೆರಾ ನನ್ನ ಕೈಗೆ ಕೊಟ್ಟನು, ಖಣದ ಚಿತ್ರ ನಾನೇ ತೆಗೆದೆ. ಆ ದಿನ ನನ್ನ ಕನ್ನಡಕದ ಕಾಲು ಮುರಿದಿತ್ತು. ಯಾವ ಫೈಲು ಯಾವುದೆಂದು ಓದಲಾಗದೆ ಕಾರ್ಡಿನಲ್ಲಿದ್ದ ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿಕೊಂಡೆ. ಆಮೇಲೆ ಅಳಿಸಿದರಾಯಿತು ಎಂದುಕೊಂಡೆ, ಮರೆತೆ. ಅವನು ಗೋಡೆ ನೋಡುತ್ತ ಕುಳಿತಿದ್ದನು. ಅಷ್ಟು ವರ್ಷದ ಪರಿಚಯದವಳು ಇನ್ನೊಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ.

ದಿನಾಂಕ 16-11-2024, ಶನಿವಾರ ಬೆಳಿಗ್ಗೆ 11 ಗಂಟೆಗೆ ಕ್ವಾರಿಯ ಸುಪರ್‌ವೈಸರ್ ಮಹಾಂತೇಶ ಎಂಬವರು ಸಂಗಮೇಶನನ್ನು ಕರೆದುಕೊಂಡು ಕಾರಿನಲ್ಲಿ ಬಂದರು. ಅಮೀನಗಡದ ಕರದಂಟಿನ ಡಬ್ಬಿ ತಂದಿದ್ದರು. ಬಹಳ ಮರ್ಯಾದೆಯಿಂದ ಮಾತಾಡಿದರು. ಕ್ವಾರಿಯಲ್ಲಿ ಒಬ್ಬ ಸತ್ತನೆಂದೂ, ಅವನು ಎಂಟು ದಿನದ ಹಿಂದೆಯೇ ಕೆಲಸ ಬಿಟ್ಟವನೆಂದೂ, ಕುಡಿದು ತಾನಾಗಿ ಒಳಗೆ ನುಗ್ಗಿ ಎಲ್ಲೋ ನಿಂತಿದ್ದನೆಂದೂ ಹೇಳಿದರು. ಪೊಲೀಸರಿಗೆ ಸಿನಿಮಾ ಕೊಟ್ಟಿದ್ದೇವೆ, ಅದರಲ್ಲಿ ಅವನು ಎಲ್ಲೂ ಇಲ್ಲ, ಆದರೆ ಕ್ಯಾಮೆರಾದ ಅಳತೆಗಿಂತ ಚಿತ್ರ ಸಣ್ಣದೇಕೆ ಎಂದು ಕೇಳುತ್ತಿದ್ದಾರೆ ಎಂದರು. "ಸುತ್ತಲಿಂದೆಲ್ಲ ಬರೇ ಕಪ್ಪು ಇತ್ತು, ಅದಕ್ಕ ಕತ್ತರಿಸ್ಯಾರ ಅಂತ ನೀವೊಂದ ನಾಕ ಸಾಲ ಬರದು ಕೊಟ್ರ ಮುಗೀತ್ರಿ. ಈ ಜಿಲ್ಲಾದಾಗ ಲೆನ್ಸಿನ ಮಾತಿಗೆ ನಿಮ್ಮ ಮಾತಽ ಆಖರಿ" ಎಂದರು. ಹೌದೇನೋ ಎಂದು ಸಂಗಮೇಶನನ್ನು ಕೇಳಿದೆ. ಅವನು ಹೊಸ್ತಿಲ ಹೊರಗೆ ನಿಂತಿದ್ದನು. ನೆಲ ನೋಡುತ್ತಲೇ ಹೌದೆಂದು ತಲೆ ಆಡಿಸಿದನು.

ನಾನು ಬರೆದುಕೊಟ್ಟೆ. "ಸದರಿ ಲೆನ್ಸಿನ ಚಿತ್ರ ಅಡ್ಡ 25, ಎತ್ತರ 14 ಮಿ.ಮೀ. ಮಾತ್ರ. ಅದರಾಚೆ ಚಿತ್ರ ಇರುವುದಿಲ್ಲ." ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ. ನಿಮ್ಮ ಮಾತೇ ಕೊನೆಯ ಮಾತು ಎಂದು ಒಬ್ಬರು ಅಂದದ್ದು ನನಗೆ ಹಿತವಾಗಿತ್ತು. ಅದನ್ನೂ ಬರೆದುಕೊಳ್ಳಿ. ಐದು ನಿಮಿಷದ ಕೆಲಸ. ಶಿಕ್ಕೆ ಸರಿಯಾಗಿ ಒತ್ತಿಲ್ಲವೆಂದು ಎರಡು ಸಲ ಒತ್ತಿದ್ದೇನೆ.

ದಿನಾಂಕ 01-12-2024, ಭಾನುವಾರ ಮಧ್ಯಾಹ್ನ 12-30ಕ್ಕೆ ಒಬ್ಬ ಹೆಣ್ಣುಮಗಳು ಅಂಗಡಿಯ ಬಾಗಿಲಿಗೆ ಬಂದು ಚಪ್ಪಲಿ ಬಿಟ್ಟು ನಿಂತಳು. ಹೆಸರು ಶಾರವ್ವ, ವಯಸ್ಸು 46, ಸತ್ತ ದುರ್ಗಪ್ಪನ ಹೆಂಡತಿ, ಇಳಕಲ್‌ನಲ್ಲಿ ಸೀರೆ ಮಗ್ಗದವರ ಮನೆಯಲ್ಲಿ ಕಂಡಿಕೆಗೆ ನೂಲು ಸುತ್ತುವ ಕೆಲಸ. ಎರಡು ಬಸ್ಸು ಬದಲಿಸಿ ಬಂದಿದ್ದಳು. ಅವಳು ಅಳಲಿಲ್ಲ, ಬೈಯಲಿಲ್ಲ. "ಅಕ್ಕಾರ, ನನ್ನ ಗಂಡ ಆ ಪಿಚ್ಚರದಾಗ ಇಲ್ಲಂತ ನೀವು ಬರದು ಕೊಟ್ಟೀರಂತಲ್ರಿ. ನೀವು ಅಲ್ಲಿಗೆ ಬಂದಿದ್ರೇನ್ರಿ?" ಎಂದು ಕೇಳಿದಳು.

ನನಗೆ ಸಿಟ್ಟು ಬಂದಿತು. ನಾನು ಬರೆದದ್ದು ಗಾಜಿನ ಬಗ್ಗೆ, ನಿನ್ನ ಗಂಡನ ಬಗ್ಗೆ ಅಲ್ಲ ಎಂದೆ. ಅವಳು, "ಅವರು ಮುಂಜಾನಿ ಬುತ್ತಿ ಕಟಗೊಂಡು ಕೆಲಸಕ್ಕ ಹೋಗ್ಯಾರ್ರಿ. ಜನಾ ಒಳಗ ಬರದಂಗ ಝಂಡಾ ಹಿಡದು ನಿಲ್ಲು ಅಂದಿದ್ರಂತ ಹಿಂದಿನ ದಿನಾನ ಹೇಳಿದ್ರು. ಈಗ ಕಳ್ಳನಂಗ ಒಳಗ ಹೊಕ್ಕಿದ್ದ ಅಂತಾರ. ಊರಾಗ ಕುಡುಕ ಅಂತಾರ. ನನ್ನ ಮಾತು ಯಾರೂ ನಂಬವಲ್ರು" ಎಂದಳು. ಕೂಡ್ರಿಸಿ ನೀರು ಕೊಟ್ಟೆ. ಸಾಹೇಬರಿಗೆ ಹೇಳಿದಂತೆಯೇ ಅವಳಿಗೂ ರೊಟ್ಟಿ, ಅರಿವೆ ಎಲ್ಲ ಹೇಳಿ, ಗೋಡೆಯ ಖಣ ತೋರಿಸಿ, ಈ ಲೆನ್ಸಿಗೆ ನಲವತ್ತೈದು ಹೂವು, ಅದರ ಆಚೆ ಇಲ್ಲ ಎಂದೆ. ಅವಳು ಎದ್ದು ಖಣದ ಹತ್ತಿರ ಹೋಗಿ ಕೈಯಾಡಿಸಿ ನೋಡಿ ಕೇಳಿದ್ದು ಇಷ್ಟು: "ಅಂಚು ಹಿಡದು ಅಳದೀರೋ ಅಕ್ಕಾರ, ಅಂಚು ಬಿಟ್ಟು ಅಳದೀರೋ?"

ಇದನ್ನು ಬಿಡಿಸಿ ಹೇಳಬೇಕು. ಮಗ್ಗದ ಕೆಲಸದಲ್ಲಿ ಬಟ್ಟೆಯ ಎರಡೂ ಕಡೆ ನೂಲು ಬಿಗಿಯಾಗಿರುತ್ತದೆ, ಅಲ್ಲಿ ಹೂವು ಸೊಟ್ಟಗಾಗುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದು ನನ್ನ ತಾಯಿ ನನಗೆ ಹನ್ನೆರಡನೆಯ ವಯಸ್ಸಿನಲ್ಲಿ ಕಲಿಸಿದ್ದರು. ಲೆನ್ಸಿಗೂ ನಾನು ಅದನ್ನೇ ಮಾಡುತ್ತ ಬಂದಿದ್ದೇನೆ. ದುಂಡು ಚಿತ್ರದ ತುದಿಗೆ ಹೂವು ಮಂಕಾಗಲು ಶುರುವಾದರೆ ಅಲ್ಲಿಂದಾಚೆ ಎಣಿಸುವುದಿಲ್ಲ. ಇನ್ನೂ ನಾಲ್ಕು ಹೂವು ಒಳಗೇ ನಿಲ್ಲಿಸುತ್ತೇನೆ. ಬೇರೆಯವರ ಚೀಟಿ ನಂಬಿ ಮೂಲೆ ಕಪ್ಪಾಗಿಸಿಕೊಂಡವರಿದ್ದಾರೆ, ಅಮೀನಬಿಯ ಚೀಟಿ ನಂಬಿ ಕೆಟ್ಟವರು ಯಾರೂ ಇಲ್ಲ ಎಂದು ನಾಲ್ಕು ಊರಲ್ಲಿ ಹೆಸರು. ಬಾಡಿಗೆಗೆ ಒಯ್ಯುವವನಿಗೆ ಅದರಿಂದ ನಷ್ಟವಿಲ್ಲ. ಆದರೆ ಪತ್ರದಲ್ಲಿ ನಾನು ಅಂಚು ಬಿಟ್ಟು ಅಳೆದಿದ್ದೇನೆ ಎಂದು ಬರೆಯಲಿಲ್ಲ. ಅದರಾಚೆ ಚಿತ್ರ ಇರುವುದಿಲ್ಲ ಎಂದು ಬರೆದೆ. ಅದು ಸುಳ್ಳು. ಬೇಕೆಂದು ಹೇಳಿದ ಸುಳ್ಳಲ್ಲ, ಹದಿಮೂರು ವರ್ಷದ ರೂಢಿ ಹೇಳಿಸಿದ್ದು. ಶಾರವ್ವನಿಗೆ ಎರಡೂ ಒಂದೇ.

ಮಧ್ಯಾಹ್ನ 2-15ಕ್ಕೆ ಕಂಪ್ಯೂಟರ್ ತೆಗೆದೆ. 11ನೇ ತಾರೀಖಿನ ಸಂಜೆಯ ಖಣದ ಚಿತ್ರದಲ್ಲಿ ಹೂವು ಎಣಿಸಿದೆ. ಅಡ್ಡಕ್ಕೆ ಅರವತ್ತು ಬಂದವು. ಮೂರು ಸಲ ಎಣಿಸಿದರೂ ಅರವತ್ತೇ. ತುದಿಯ ಮೂರು ಮೂರು ಮಂಕಾಗಿವೆ, ಆದರೆ ಕಾಣುತ್ತವೆ. ಎಂದರೆ ಆ ಲೆನ್ಸಿನ ದುಂಡು ಖರೆ ಹೇಳಬೇಕೆಂದರೆ 33 ಮಿ.ಮೀ. ನನ್ನ ಚೀಟಿಯ ಗೆರೆಯ ಆಚೆ ಎಡಕ್ಕೂ ಬಲಕ್ಕೂ ಏಳೇಳು ಹೂವಿನಷ್ಟು ಜಾಗದಲ್ಲಿ ಚಿತ್ರ ಇದೆ. ಆಗಲೇ ನನಗೆ ಕಾರ್ಡಿನ ಎಲ್ಲ ಫೈಲುಗಳು ಅಲ್ಲೇ ಉಳಿದಿರುವುದು ಕಂಡದ್ದು. ಒಟ್ಟು ಒಂಬತ್ತು. ಶಾರವ್ವನಿಗೆ ಒಳಗೆ ಊಟಕ್ಕೆ ಏಳು ಎಂದೆ. ಏಳಲಿಲ್ಲ. ಕಂಪ್ಯೂಟರಿನ ಮುಖ ನನ್ನ ಕಡೆ ತಿರುಗಿಸಿಕೊಂಡು, ಧ್ವನಿ ಬಂದ್ ಮಾಡಿ, ಒಬ್ಬಳೇ ನೋಡಿದೆ.

ಏಳನೆಯ ಫೈಲು 1 ನಿಮಿಷ 6 ಸೆಕೆಂಡಿನದು. ನಡುವೆ ಬಂಡೆ, ಮನೆಯಷ್ಟು ಎತ್ತರ. ನಾಲ್ಕೂ ಮೂಲೆ ಕಪ್ಪು. ಎಡ ತುದಿಯಲ್ಲಿ, ನನ್ನ ಚೀಟಿಯ ಗೆರೆಗೆ ಹತ್ತಿಕೊಂಡು, ಒಂದು ದೊಡ್ಡ ಕಲ್ಲಿನ ಮರೆಯಲ್ಲಿ ಒಬ್ಬ ಮನುಷ್ಯ ಕೆಂಪು ಝಂಡಾ ಹಿಡಿದು ನಿಂತಿದ್ದಾನೆ. ತಲೆಗೆ ಬಿಳಿ ಟಾವೆಲ್, ಮುಖ ಸ್ಪಷ್ಟ. ಕಾಲು ನೆಟ್ಟಗಿವೆ. ಅವನ ಝಂಡಾದ ತುದಿ ಮಾತ್ರ ಗಾಳಿಗೆ ಗೆರೆಯ ಒಳಗೆ ಬಂದು ಹೋಗುತ್ತದೆ. ಅವನು ಕ್ಯಾಮೆರಾದ ಕಡೆ ನೋಡುತ್ತಾನೆ. ಕಲ್ಲಿನ ಮರೆ ಬಿಟ್ಟು ಎಡಕ್ಕೆ ಸರಿಯುತ್ತಾನೆ. ಮತ್ತೆ ನೋಡುತ್ತಾನೆ. ಮತ್ತೆ ಸರಿಯುತ್ತಾನೆ. ಒಟ್ಟು ಆರು ಹೆಜ್ಜೆ. ಈಗ ಅವನು ನಿಂತ ಕಡೆ ಚಿತ್ರ ಮಂಕಾಗಿದೆ, ಮುಖ ಕಾಣುವುದಿಲ್ಲ, ಝಂಡಾದ ಕೆಂಪು ಕಾಣುತ್ತದೆ. ಅಲ್ಲಿ ಯಾವ ಮರೆಯೂ ಇಲ್ಲ. ಬಂಡೆ ಬೀಳುತ್ತದೆ, ಚೂರು ಹಾರುತ್ತವೆ. ಆಮೇಲಿನದನ್ನು ನಾನು ಇಲ್ಲಿ ಬರೆಸುವುದಿಲ್ಲ, ಫೈಲಿನಲ್ಲಿದೆ.

ಶಾರವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. "ಅದಾರೇನ್ರಿ?" ಎಂದಳು. ಅದಾರ ಎಂದೆ. "ಕೈಯಾಗ ಝಂಡಾ ಐತೇನ್ರಿ?" ಎಂದಳು. ಐತಿ ಎಂದೆ. ತೋರಿಸಿರಿ ಎಂದಳು, ನಾನು ಒಪ್ಪಲಿಲ್ಲ. ಮಂಗಳವಾರ ಠಾಣೆಗೆ ಬರುತ್ತೇನೆ ಎಂದು ಮಾತು ಕೊಟ್ಟು 4-30ರ ಬಸ್ಸಿಗೆ ಹತ್ತಿಸಿದೆ. ಕರದಂಟಿನ ಡಬ್ಬಿ ಒಡೆದಿರಲಿಲ್ಲ. ಅವಳ ಕೈಗೆ ಕೊಡಲು ಮನಸ್ಸಾಗಲಿಲ್ಲ, ಇಟ್ಟುಕೊಳ್ಳಲೂ ಮನಸ್ಸಾಗಲಿಲ್ಲ. ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಬಿಟ್ಟು ಬಂದೆ.

ದಿನಾಂಕ 02-12-2024, ಸೋಮವಾರ ಫೋನ್ ಮಾಡಿ ಸಂಗಮೇಶನನ್ನು ಕರೆಸಿದೆ. ಸಂಜೆ 6-15ಕ್ಕೆ ಬಂದನು. ದುರ್ಗಪ್ಪ ಯಾರ ಕಡೆ ನೋಡಿ ಸರಿದನು ಎಂದು ಕೇಳಿದೆ. ಬಾಗಿಲಲ್ಲೇ ಕುಕ್ಕರಿಸಿದನು. "ನಾನಽ ಸರೀರಿ ಅಂದೆ ಚಾಚಿ. ಝಂಡಾ ಗೆರಿಯೊಳಗ ಬರಾಕತ್ತಿತ್ತು. ಹಿಂದ ಅಷ್ಟೂ ಸ್ವಚ್ಛ ಕಾಣಬೇಕು ಅಂತ ಮಹಾಂತೇಶರು ಹೇಳಿದ್ರು. ಕಲ್ಲಿನ ಮರಿಯಾಗ ಅದಾರ ಅನ್ನೂದು ನನ್ನ ಲಕ್ಷ್ಯಕ್ಕ ಬರಲಿಲ್ಲ, ಖರೆನ ಬರಲಿಲ್ಲ. ನಾ ಮಾನಿಟರ್ ನೋಡಾಕತ್ತಿದ್ದೆ" ಎಂದನು. ಮರುದಿನ ಮಹಾಂತೇಶರು ತನ್ನನ್ನು ಎದುರಿಗೆ ಕೂಡ್ರಿಸಿಕೊಂಡು, ಬಂಡೆ ಬೀಳುವ 20 ಸೆಕೆಂಡನ್ನು ಗೆರೆಯ ಅಳತೆಗೆ ಕತ್ತರಿಸಿ ತೆಗೆಸಿಕೊಂಡರೆಂದೂ, ಕಾರ್ಡು ಅಳಿಸಿದರೆಂದೂ, ಖಣದ ಚಿತ್ರದ ಜೊತೆ ನನ್ನ ಹತ್ತಿರ ಎಲ್ಲ ಬಂದಿರುವುದು ತನಗೆ ಗೊತ್ತೇ ಇರಲಿಲ್ಲವೆಂದೂ ಹೇಳಿದನು. "ಅದನ್ನ ಕೊಟ್ರ ನಾ ಮುಗದೆ ಚಾಚಿ. ನನಗೂ ಮಕ್ಕಳದಾವು. ನಿಮ್ಮ ಚೀಟಿ ನಂಬಿ ಗೆರಿ ಹಾಕಿದ್ದೆ ನಾ" ಎಂದನು.

ಆ ಮಾತು ನನಗೆ ನಾಟಿತು. ನಾನು ಅಂಚು ಹಿಡಿದು ಅಳೆದಿದ್ದರೆ ಅವನ ಗೆರೆ ಅಗಲವಾಗಿರುತ್ತಿತ್ತು. ದುರ್ಗಪ್ಪನನ್ನು ಇನ್ನೂ ದೂರ ಕಳಿಸುತ್ತಿದ್ದನೋ, ಅಥವಾ ಅಷ್ಟು ದೂರ ಕಳಿಸಲಾಗದೆ ಕಲ್ಲಿನ ಮರೆಯಲ್ಲೇ ಬಿಡುತ್ತಿದ್ದನೋ. ಅಳತೆಯ ಪುಸ್ತಕ ತೆಗೆದು ಲೆಕ್ಕ ಹಾಕಿ ನೋಡಿದೆ. ಚಿತ್ರ ಎಲ್ಲಿಗೆ ಮುಗಿಯುತ್ತದೆ ಎಂದು ಲೆಕ್ಕ ಹೇಳುತ್ತದೆ, ಕಲ್ಲಿನ ಚೂರು ಎಲ್ಲಿಗೆ ಬರುತ್ತದೆ ಎಂದು ಹೇಳುವುದಿಲ್ಲ. ಸಂಗಮೇಶನ ಮೇಲೆ ನನಗೆ ಸಿಟ್ಟಿಲ್ಲ ಎಂದರೆ ಸುಳ್ಳು. ಕರುಳು ಇಲ್ಲ ಎಂದರೂ ಸುಳ್ಳು, ನನ್ನ ಗಂಡನ ಮಣ್ಣಿಗೆ ಹೆಗಲು ಕೊಟ್ಟವನು ಅವನು. ನಾಳೆ ನನ್ನ ಜೊತೆ ಬಾ ಯಪ್ಪಾ, ನೀನೇ ಹೇಳು, ನಾ ಬಾಜೂಕ ಕೂಡ್ರತೇನಿ ಎಂದೆ. ಎದ್ದು ಹೋದನು.

ಇಂದು ಬೆಳಿಗ್ಗೆ 8-20ಕ್ಕೆ ನಾನು ಬಸ್ಸು ಹತ್ತುವಾಗ ಅವನು ಸ್ಟ್ಯಾಂಡಿನ ಹೊರಗೆ ತನ್ನ ಗಾಡಿಯ ಮೇಲೆ ಕುಳಿತಿದ್ದನು. ಅಮೀನಗಡದ ತನಕ ಬಸ್ಸಿನ ಹಿಂದೆ ಬಂದನು. ಹುನಗುಂದದಲ್ಲಿ ತಿರುಗಿ ನೋಡಿದಾಗ ಇರಲಿಲ್ಲ. ಈ ಹೇಳಿಕೆ ಬರೆಸುವ ಹೊತ್ತಿಗೆ ಠಾಣೆಗೆ ಬಂದಿಲ್ಲ. ಬರುತ್ತಾನೆ ಎಂದು ನನಗೆ ಅನಿಸುತ್ತದೆ, ಆದರೆ ಅನಿಸಿದ್ದನ್ನು ಬರೆದುಕೊಳ್ಳುವುದಿಲ್ಲ ಎಂದು ಸಾಹೇಬರು ಹೇಳಿದರು.

ಒಂಬತ್ತು ಫೈಲುಗಳಿರುವ ಹಾರ್ಡ್ ಡಿಸ್ಕು, ಸದರಿ 35 ಮಿ.ಮೀ. ಲೆನ್ಸು, ನನ್ನ ಅಳತೆಯ ಪುಸ್ತಕ, ಗೋಡೆಯಿಂದ ಬಿಚ್ಚಿದ ಖಣದ ಬಟ್ಟೆ, ಇಷ್ಟನ್ನೂ ಠಾಣೆಗೆ ಒಪ್ಪಿಸಿದ್ದೇನೆ. ಬೆಳಿಗ್ಗೆ 11-40ಕ್ಕೆ ಸಾಹೇಬರು ಏಳನೆಯ ಫೈಲನ್ನು ಠಾಣೆಯ ಕಂಪ್ಯೂಟರಿನಲ್ಲಿ ಹಾಕಿಸಿದರು. ಶಾರವ್ವ ಬೆಳಗಿನಿಂದಲೇ ಬಂದು ಕಾದಿದ್ದಳು. ಅವಳನ್ನು ಹೊರಗೆ ಕಳಿಸಿರಿ ಎಂದು ನಾನು ಕೇಳಿಕೊಂಡೆ. "ನಾ ಹೋಗಂಗಿಲ್ರಿ" ಎಂದಳು. ಬಂಡೆ ಬೀಳುವ ಮೊದಲೇ ನಿಲ್ಲಿಸುವುದೆಂದು ಸಾಹೇಬರು ಒಪ್ಪಿದರು. ಠಾಣೆಯ ಕಂಪ್ಯೂಟರಿಗೆ ಧ್ವನಿ ಇತ್ತು. ಧ್ವನಿಯನ್ನು ನಾನೂ ಆಗಲೇ ಮೊದಲ ಸಲ ಕೇಳಿದ್ದು.

14ನೆಯ ಸೆಕೆಂಡಿಗೆ ಸಂಗಮೇಶನ ಧ್ವನಿ: "ಕಾಕಾ, ಝಂಡಾ ಬರಾಕತ್ತೈತಿ, ಎಡಕ್ಕ ಸರೀರಿ." 22ಕ್ಕೆ ಮತ್ತೆ ಅವನೇ: "ಇನ್ನೊಂದೀಟ ಕಾಕಾ." 29ನೆಯ ಸೆಕೆಂಡಿಗೆ ದುರ್ಗಪ್ಪನ ಧ್ವನಿ, ದೂರದಿಂದ, ಕೂಗಿ ಕೇಳಿದ್ದು: "ಇಷ್ಟ ಸಾಕೇನ್ರಿ?" ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. 31ಕ್ಕೆ ಬಂಡೆ ಕೆಡವುವ ಸೀಟಿ ಕೇಳುತ್ತದೆ. 33ನೆಯ ಸೆಕೆಂಡಿಗೆ ಸಾಹೇಬರು ನಿಲ್ಲಿಸಿದರು.

ನಿಂತ ಚಿತ್ರದಲ್ಲಿ ಎಡ ಅಂಚಿಗೆ ದುರ್ಗಪ್ಪ ಝಂಡಾ ಎತ್ತಿ ಹಿಡಿದು ಉತ್ತರ ಕಾಯುತ್ತಿದ್ದನು. ಶಾರವ್ವ ಬೆಂಚಿನಿಂದ ಎದ್ದು ಕಂಪ್ಯೂಟರಿನ ಹತ್ತಿರ ಬಂದಳು. ಯಾರ ಕಡೆಯೂ ನೋಡಲಿಲ್ಲ. ಮನೆಯಲ್ಲಿ ಮಾತಾಡುವಷ್ಟೇ ಧ್ವನಿಯಲ್ಲಿ, "ಸಾಕ್ರಿ. ಇತ್ತ ಬರ್ರಿ" ಎಂದಳು.

ಕಾನ್‌ಸ್ಟೇಬಲ್ ಅವರು ಪೆನ್ನು ಕೆಳಗಿಟ್ಟು, ಇದನ್ನೂ ಬರೆಯಬೇಕೇ ಎಂದು ಸಾಹೇಬರನ್ನು ಕೇಳಿದರು. ಸಾಹೇಬರು ನನ್ನ ಕಡೆ ನೋಡಿದರು. ಬರೆಯಿರಿ ಎಂದೆ.

ಬರೆದದ್ದನ್ನು ನನಗೆ ಕನ್ನಡದಲ್ಲಿ ಓದಿ ಹೇಳಿದ್ದಾರೆ, ಕನ್ನಡಕ ಹಾಕಿಕೊಂಡು ನಾನೂ ಒಮ್ಮೆ ಓದಿದ್ದೇನೆ. ನಾನು ಹೇಳಿದಂತೆಯೇ ಇದೆ, ಖರೆ ಇದೆ, ಅಂಚು ಬಿಟ್ಟು ಹೇಳಿಲ್ಲ.

ಸ್ಥಳ: ಇಳಕಲ್
ದಿನಾಂಕ: 03-12-2024, ಮಧ್ಯಾಹ್ನ 1-25

(ಸಹಿ)
ಅಮೀನಬಿ ಖಲೀಲ ಮೋಮಿನ